ಹೆಗ್ಗಣದ ತಲೆಗೆ ಮೂರು ಅಪರಾಧ: ಹೊಸನಗರ ಸೀಮೆಯ ಒಂದು ತೋಟದ ಮನೆಯ ಪ್ರಕರಣ

2024ರ ಜೂನ್ ತಿಂಗಳ ಮೂರನೆಯ ವಾರ, ಮಳೆ ಹಿಡಿದು ಹತ್ತು ದಿನವೂ ಆಗಿರಲಿಲ್ಲ. ಹೊಸನಗರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮನೆಯ ಬಚ್ಚಲಿನಲ್ಲಿ ಹಂಡೆಯ ಪಕ್ಕದ ಚಪ್ಪಡಿಕಲ್ಲು ಒಂದೇ ರಾತ್ರಿಯಲ್ಲಿ ಗೇಣುದ್ದ ಕುಸಿಯಿತು. ನೀರು ಅಡಿಪಾಯಕ್ಕೆ ಇಳಿದಿರಬೇಕೆಂದು ಮಾವ ಕಲ್ಲನ್ನು ಎತ್ತಿಸಿ ನೋಡಿದರೆ ಕೆಳಗೆ ಮಣ್ಣೇ ಇರಲಿಲ್ಲ. ಮೊಣಕೈವರೆಗೆ ತೋಳು ತೂರುವಷ್ಟು ಅಗಲದ ಸುರಂಗವೊಂದು ಬಚ್ಚಲಿನಿಂದ ಸೌದೆ ಕೊಟ್ಟಿಗೆಯ ಕಡೆಗೆ ಹೋಗಿತ್ತು. ಅಂದಿನಿಂದ 2025ರ ಜನವರಿಯವರೆಗೆ ಆ ಮನೆಯಲ್ಲಿ ನಡೆದದ್ದನ್ನು, ಅದರಲ್ಲಿ ನನ್ನ ಸಲಹೆಯಿಂದಲೇ ಆದ ಒಂದು ಎಡವಟ್ಟನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ. ನಾನು ತೋಟಗಾರಿಕೆ ಓದಿ ಶಿವಮೊಗ್ಗದಲ್ಲಿ ನೆಲೆಸಿದವನು, ಇಲಿ-ಹೆಗ್ಗಣಗಳ ತಜ್ಞನಲ್ಲ.

ಮನೆ ಹಳೆಯ ಹಂಚಿನದು. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಂಗಳ, ಅಂಗಳದ ಕೆಳಗೆ ಎರಡೂವರೆ ಎಕರೆ ಅಡಿಕೆ ತೋಟ. ಎಪ್ಪತ್ತು ದಾಟಿದ ಮಾವ, ಅತ್ತೆ, ಎರಡು ದನ, ಒಂದು ನಾಯಿ, ಒಂದು ಬೆಕ್ಕು ಮಾತ್ರ ಅಲ್ಲಿ ಇರುವವರು, ಮಗ ಬೆಂಗಳೂರಿನಲ್ಲಿದ್ದಾನೆ. ನಾನು ಹೋದ ದಿನ ಅತ್ತೆ ಒಂದೇ ಉಸಿರಿನಲ್ಲಿ ದೂರುಗಳನ್ನು ಹೇಳಿದರು. ಬಚ್ಚಲು ಕುಸಿದಿದೆ, ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳಿಗೆ ತೂತು ಬಿದ್ದಿದೆ, ಅಟ್ಟದ ಮೇಲಿನ ಅಡಿಕೆ ಚೀಲಗಳು ಹರಿದಿವೆ, ಬೀಜಕ್ಕೆಂದು ಇಟ್ಟ ಭತ್ತ ಚೆಲ್ಲಾಡಿದೆ, ಕೈತೋಟದ ಬೆಂಡೆ ಮತ್ತು ಸೌತೆಯ ಸಸಿಗಳು ಬೆಳಗಾಗುವುದರೊಳಗೆ ಮೊಂಡಾಗುತ್ತಿವೆ, ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಬೆಳೆಸಿದ ಅಡಿಕೆ ಸಸಿಗಳ ಎಳೆ ಎಲೆಗಳೂ ಉಳಿದಿಲ್ಲ. ಇಷ್ಟಕ್ಕೂ ಕಾರಣ ಒಂದೇ ಎಂದು ಅವರು ತೀರ್ಮಾನಿಸಿದ್ದರು. ಒಂದು ರಾತ್ರಿ ಬಚ್ಚಲಿಗೆ ಹೋದಾಗ ಬೆಕ್ಕಿನಷ್ಟು ದೊಡ್ಡ ಹೆಗ್ಗಣವೊಂದು ಬೆನ್ನಿನ ಕೂದಲು ನಿಮಿರಿಸಿಕೊಂಡು ಹಂದಿಯಂತೆ ಗುರುಗುಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮನೆಯ ಬೆಕ್ಕು ಅದನ್ನು ನೋಡಿ ಹಿಂದೆ ಸರಿದು ಜಗಲಿ ಹತ್ತಿತಂತೆ. ಆ ಬೆಕ್ಕನ್ನು ನಾನು ಬಲ್ಲೆ, ಅದಕ್ಕೆ ಇದು ಅವಮಾನವೇನಲ್ಲ.

ಅತ್ತೆ ಹೇಳಿದ ಆ ಗುರುಗುಟ್ಟುವಿಕೆ ಉತ್ಪ್ರೇಕ್ಷೆಯಲ್ಲ. ಬ್ಯಾಂಡಿಕೋಟಾ ಇಂಡಿಕಾ ಎಂಬ ದೊಡ್ಡ ಹೆಗ್ಗಣ ಬೆದರಿದಾಗ ಮಾಡುವುದೇ ಹಾಗೆ. ತೆಲುಗಿನಲ್ಲಿ ಅದಕ್ಕೆ ಪಂದಿಕೊಕ್ಕು, ಅಂದರೆ ಹಂದಿ-ಇಲಿ ಎಂಬ ಹೆಸರಿದೆ. ಅದೇ ಹೆಸರು ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಗಿ, ಮುಂದೆ ಆಸ್ಟ್ರೇಲಿಯಾದ ಯಾವ ಸಂಬಂಧವೂ ಇಲ್ಲದ ಒಂದು ಚೀಲಹೊಟ್ಟೆಯ ಪ್ರಾಣಿಗೂ ಅಂಟಿಕೊಂಡಿತು. ಬೆಂಗಳೂರಿನ ಮಗನ ವಿವರಣೆ ಮಾತ್ರ ಬೇರೆಯಾಗಿತ್ತು. ಅವನು ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿ, ಇದು ಆಫ್ರಿಕಾದಿಂದ ಬಂದ ದೈತ್ಯ ಇಲಿ, ಹಡಗಿನಲ್ಲಿ ಮಂಗಳೂರಿಗೆ ಬಂದು ಘಟ್ಟ ಹತ್ತಿದೆ ಎಂದು ಬರೆದಿದ್ದ. ಆಫ್ರಿಕಾದಲ್ಲಿ ಕೆನ್ನೆಚೀಲದ ದೈತ್ಯ ಇಲಿ ಇರುವುದು ನಿಜ. ಅದು ಒಂದು ಕಿಲೋವನ್ನು ಮೀರಿ ತೂಗುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಗ್ರಾಸಿ ಕೀ ಎಂಬ ದ್ವೀಪದಲ್ಲಿ 1999ರ ಸುಮಾರಿಗೆ ಸಾಕಣೆದಾರರ ಕೈತಪ್ಪಿದ ಅಂಥ ಇಲಿಗಳು ಕಾಡಿನಲ್ಲಿ ನೆಲೆಯೂರಿ, ಅವನ್ನು ಹಿಡಿಯಲು ವರ್ಷಗಟ್ಟಲೆ ಹೆಣಗಬೇಕಾಯಿತು. ಅದೇ ಕುಲದ ಇಲಿಗಳಿಗೆ ನೆಲಬಾಂಬಿನ ವಾಸನೆ ಹಿಡಿಯುವ ತರಬೇತಿ ಕೊಟ್ಟಿದ್ದೂ ಉಂಟು. ಕಾಂಬೋಡಿಯಾದಲ್ಲಿ ಕೆಲಸ ಮಾಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪಶುಸೇವಾ ಸಂಸ್ಥೆಯೊಂದು ಚಿನ್ನದ ಪದಕ ನೀಡಿತು. ಆದರೆ ನಮ್ಮ ಬಚ್ಚಲನ್ನು ಕೆಡವಿದ್ದು ಆ ಪರದೇಶಿಯಲ್ಲ. ಹೆಗ್ಗಣ ನಮ್ಮ ನೆಲದ್ದೇ ಪ್ರಾಣಿ. ಪರದೇಶದಿಂದ ಬಂದದ್ದು ಬೇರೆ ಒಂದಿತ್ತು, ಅದರ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಮಾವ ಎರಡು ಪ್ರಯೋಗ ಮಾಡಿ ಸೋತಿದ್ದರು. ಪೇಟೆಯಿಂದ ತಂದ ಅಂಟಿನ ಹಲಗೆಯನ್ನು ಬಚ್ಚಲ ಬಾಗಿಲಿಗೆ ಇಟ್ಟಿದ್ದರು. ಬೆಳಗ್ಗೆ ಅದು ಗೊಬ್ಬರ ಗುಂಡಿಯ ಹತ್ತಿರ ಮಗುಚಿ ಬಿದ್ದಿತ್ತು, ಮೇಲೆ ಒಂದಿಷ್ಟು ಒರಟು ಕೂದಲು ಮಾತ್ರ ಅಂಟಿತ್ತು. ಅನಂತರ ಸತುವಿನ ಫಾಸ್ಫೈಡ್ ಪುಡಿಯನ್ನು ಅಕ್ಕಿನುಚ್ಚಿಗೆ ಕಲಸಿ ಇಟ್ಟರು. ಮೊದಲ ರಾತ್ರಿ ಸ್ವಲ್ಪ ಖರ್ಚಾಯಿತು, ಎರಡನೆಯ ರಾತ್ರಿಯಿಂದ ಯಾವುದೂ ಅದನ್ನು ಮೂಸಲಿಲ್ಲ. ಹೀಗಾಗುವುದಕ್ಕೆ ಕಾರಣವಿದೆ. ಆ ವಿಷ ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಅನಿಲವಾಗಿ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಹೊಸ ತಿನಿಸನ್ನು ಕಂಡರೆ ಈ ಪ್ರಾಣಿಗಳು ಮೊದಲು ಚೂರೇ ಚೂರು ರುಚಿ ನೋಡುತ್ತವೆ. ಸಾಯದಷ್ಟು ತಿಂದು ಸಂಕಟಪಟ್ಟ ಹೆಗ್ಗಣ ಆ ತಿನಿಸನ್ನೂ ಆ ಸಂಕಟವನ್ನೂ ಜೋಡಿಸಿ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಎರಡು-ಮೂರು ದಿನ ವಿಷವಿಲ್ಲದ ನುಚ್ಚನ್ನು ಇಟ್ಟು ರುಚಿ ಹತ್ತಿಸಿ, ಆಮೇಲೆ ವಿಷ ಬೆರೆಸಬೇಕೆಂದು ಕೃಷಿ ಇಲಾಖೆಯವರು ಹೇಳುವುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ತೋಟದ ಮನೆಯ ಅಂಗಳದಲ್ಲಿ ನಾಯಿ ಬಿಟ್ಟುಕೊಂಡು ಇದನ್ನು ಬಳಸುವುದು ನನಗೆ ಸರಿ ಕಾಣುವುದಿಲ್ಲ. ಉಳಿದ ಪುಡಿಯನ್ನು ಮಾವನಿಂದ ಕಸಿದುಕೊಂಡೆ ಎಂದರೂ ತಪ್ಪಾಗದು.

ಇಲ್ಲಿಗೆ ನನ್ನ ಎಡವಟ್ಟಿನ ಸರದಿ. ಮನೆಯ ಸುತ್ತ ಕಂಡ ಬಿಲಗಳಿಗೆಲ್ಲ ಗಾಜಿನ ಚೂರು ತುಂಬಿ ಸಿಮೆಂಟ್ ಹಾಕಿಸಿಬಿಡಿ ಎಂದು ನಾನು ಧೈರ್ಯವಾಗಿ ಹೇಳಿದೆ. ಜುಲೈ ಮೊದಲ ವಾರ ಮೇಸ್ತ್ರಿ ಬಂದು ಆ ಕೆಲಸ ಮಾಡಿದರು. ನಾಲ್ಕನೆಯ ದಿನ ಅಡುಗೆಮನೆಯ ಒಲೆಯ ಪಕ್ಕದಲ್ಲಿ ನೆಲ ಉಬ್ಬಿ ಒಡೆದು, ಒಳಗಿನಿಂದ ಹಸಿಮಣ್ಣು ಹೊರಗೆ ಬಂತು. ಒಳಗೆ ಪ್ರಾಣಿ ಇರುವಾಗಲೇ ಹೊರಬಾಗಿಲು ಮುಚ್ಚಿದರೆ ಅದು ಬೇರೆ ಬಾಗಿಲು ತೋಡುತ್ತದೆ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟವರ ಗಾದೆಯನ್ನು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ, ಕಾಫಿ ಕೊಡುವಾಗ ಅವರ ಮುಖ ಹೇಳಿತು.

ಆಮೇಲೆ ಔಷಧ, ಬೋನು, ಸಿಮೆಂಟುಗಳ ಮಾತನ್ನೆಲ್ಲ ಬದಿಗಿಟ್ಟು ನಾಲ್ಕು ದಿನ ನೋಡುವುದನ್ನಷ್ಟೇ ಮಾಡಿದೆವು. ಸಂಜೆ ಬಿಲಗಳ ಬಾಯಿಗೆ ದರಗು ಮತ್ತು ಹಸಿಮಣ್ಣು ಮೆತ್ತಿ ಬೆಳಗ್ಗೆ ಯಾವುದು ತೆರೆದಿದೆ ಎಂದು ಎಣಿಸಿದೆವು. ಹದಿನೇಳರಲ್ಲಿ ಆರು ಮಾತ್ರ ತೆರೆದಿದ್ದವು. ಉಳಿದವು ಹಳೆಯ ದಾರಿಗಳು. ಆ ಆರೂ ಸೌದೆ ಕೊಟ್ಟಿಗೆ, ದನದ ಕೊಟ್ಟಿಗೆ ಮತ್ತು ಬಚ್ಚಲಿನ ನೀರು ಹೋಗುವ ಚರಂಡಿ ಇವುಗಳ ನಡುವಿನ ಇಪ್ಪತ್ತು ಹೆಜ್ಜೆಯೊಳಗೆ ಇದ್ದವು. ಅಟ್ಟದ ಹಲಗೆಯ ಮೇಲೆ, ಬಚ್ಚಲ ಹೊಸ್ತಿಲಲ್ಲಿ ಮತ್ತು ಸಸಿ ಪಾತಿಯ ಸುತ್ತ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿದೆವು. ಬಚ್ಚಲ ಹೊಸ್ತಿಲಲ್ಲಿ ಮೂಡಿದ ಹೆಜ್ಜೆ ನನ್ನ ಹೆಬ್ಬೆರಳಿಗಿಂತ ಅಗಲವಾಗಿತ್ತು. ಅಟ್ಟದ ಮೇಲಿನದು ಅದರ ಅರ್ಧವೂ ಇರಲಿಲ್ಲ, ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಉದ್ದಕ್ಕೂ ಇತ್ತು. ಹಿಕ್ಕೆ ಕೂಡ ಸಣ್ಣದು, ಎರಡೂ ತುದಿ ಚೂಪಾದದ್ದು. ಸಸಿ ಪಾತಿಯ ಹಿಟ್ಟಿನ ಮೇಲೆ ಹೆಜ್ಜೆಯೇ ಇರಲಿಲ್ಲ. ಬದಲಿಗೆ ಎರಡು ಬೆರಳಗಲದ ಹೊಳೆಯುವ ಪಟ್ಟಿಯೊಂದು ಒಣಗಿ ಹಾಳೆಯಂತೆ ಅಂಟಿಕೊಂಡಿತ್ತು.

“ಹೆಗ್ಗಣ ಅಂದ್ರೆ ಒಂದೇ ಅಲ್ವೇನೋ ಮಾರಾಯ?” ಎಂದು ಮಾವ ಕೇಳಿದರು. ಅಲ್ಲ, ಹೆಗ್ಗಣದ ತಲೆಗೆ ನಾವು ಮೂರು ಪ್ರಾಣಿಗಳ ಅಪರಾಧ ಕಟ್ಟಿದ್ದೆವು. ನೆಲ ತೋಡಿದ್ದು ಮತ್ತು ತೆಂಗಿನಕಾಯಿ ಕೊರೆದದ್ದು ದೊಡ್ಡ ಹೆಗ್ಗಣ. ಅದು ಅಗೆಯುವುದರಲ್ಲಿ ಗಟ್ಟಿಗ, ನೀರಿನಲ್ಲಿ ಈಜಬಲ್ಲದು, ಆದರೆ ತೊಲೆ ಏರುವುದು ಅದರ ಜಾಯಮಾನವಲ್ಲ. ಅಟ್ಟದಲ್ಲಿದ್ದದ್ದು ರ‍್ಯಾಟಸ್ ರ‍್ಯಾಟಸ್ ಎಂಬ ಮನೆ ಇಲಿ. ಅದರ ಬಾಲ ತಲೆ-ಮೈಗಳ ಉದ್ದಕ್ಕಿಂತ ಹೆಚ್ಚು, ತಂತಿಯ ಮೇಲೂ ನಡೆಯುತ್ತದೆ. ಮೂಲತಃ ಭಾರತ ಉಪಖಂಡದ ಈ ಇಲಿಯೇ ಹಡಗುಗಳಲ್ಲಿ ಲೋಕವನ್ನೆಲ್ಲ ಸುತ್ತಿ ಎಷ್ಟೋ ದ್ವೀಪಗಳ ಹಕ್ಕಿಗಳ ಸಂತತಿಯನ್ನು ಅಳಿಸಿದ್ದು. ಆಕ್ರಮಣಕಾರಿ ಪ್ರಾಣಿಗಳ ಪಟ್ಟಿಯಲ್ಲಿ ನಾವೂ ರಫ್ತುದಾರರು. ಮೂರನೆಯದು ಇಲಿಯ ಜಾತಿಯೇ ಅಲ್ಲ. ರಾತ್ರಿ ಎಂಟು ಗಂಟೆಗೆ ಬ್ಯಾಟರಿ ಹಿಡಿದು ಹೋದಾಗ ಅಡಿಕೆ ಸಸಿಗಳ ಕೊಟ್ಟೆಯ ಮೇಲೆ ಮುಷ್ಟಿ ಗಾತ್ರದ ಕಂದು ಪಟ್ಟೆಯ ಚಿಪ್ಪುಗಳು ಕಂಡವು. ಅದು ಆಫ್ರಿಕಾದ ದೈತ್ಯ ಬಸವನಹುಳು. ಮಗನ ಆಫ್ರಿಕಾದ ಊಹೆ ಹೀಗೆ ಅಡ್ಡದಾರಿಯಲ್ಲಿ ಸ್ವಲ್ಪ ನಿಜವಾಯಿತು.

ಮೂರಕ್ಕೂ ಬೇರೆ ಬೇರೆ ಮದ್ದು ಬೇಕಿತ್ತು. ಆದರೆ ಆ ಮಾತು ಕೆಲಸಕ್ಕೆ ಬರುವ ಮೊದಲೇ ಆಗಸ್ಟ್ ಎರಡನೆಯ ವಾರದಲ್ಲಿ ತೋಟದ ಕಾದಿಗೆ (ನೀರು ಬಸಿದುಹೋಗುವ ಕಾಲುವೆ) ಬಿಡಿಸುತ್ತಿದ್ದ ಆಳಿಗೆ ಜ್ವರ ಬಂತು. ಆ ವರ್ಷ ಜುಲೈನಲ್ಲಿ ಮಲೆನಾಡಿನಲ್ಲಿ ವಿಪರೀತ ಮಳೆಯಾಗಿ ಬಚ್ಚಲಿನ ಮತ್ತು ಕೊಟ್ಟಿಗೆಯ ನೀರೆಲ್ಲ ಕಾದಿಗೆಗೇ ಇಳಿದಿತ್ತು. ಅವರು ಬರಿಗಾಲಿನಲ್ಲಿ, ಹಿಮ್ಮಡಿಯ ಬಿರುಕುಗಳೊಂದಿಗೆ, ಮೂರು ದಿನ ಅದರಲ್ಲಿ ನಿಂತಿದ್ದರು. ಊರಿನಲ್ಲಿ ಜ್ವರವೆಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಅದು 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ರೋಗವಾದ್ದರಿಂದ ಆ ಭಯ ಸಹಜ. ಆದರೆ ಅದು ಉಣುಗುಗಳಿಂದ ಬರುವ, ಹೆಚ್ಚಾಗಿ ಡಿಸೆಂಬರಿನಿಂದ ಬೇಸಿಗೆಯ ಕೊನೆಯವರೆಗೆ ಕಾಡುವ ರೋಗ. ಧಾರಾಕಾರ ಮಳೆಯ ಆಗಸ್ಟ್ ಅದರ ಕಾಲವಲ್ಲ. ಕಣ್ಣು ಕೆಂಪಾಗಿ, ಮೀನಖಂಡಗಳನ್ನು ಮುಟ್ಟಲೂ ಆಗದಷ್ಟು ನೋವು ಬಂದಾಗ ಮಾವ ಅವರನ್ನು ಆಸ್ಪತ್ರೆಗೆ ಕರೆದೊಯ್ದರು; ರಕ್ತಪರೀಕ್ಷೆಯಲ್ಲಿ ಇಲಿಜ್ವರ ಎಂದು ತಿಳಿಯಿತು. ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಇಲಿ-ಹೆಗ್ಗಣಗಳ ಮೂತ್ರಪಿಂಡದಲ್ಲಿ ಅವಕ್ಕೆ ಕೇಡು ಮಾಡದೆ ವಾಸಿಸಿ, ಮೂತ್ರದೊಂದಿಗೆ ನೀರಿಗೆ ಸೇರುತ್ತದೆ. ನೆನೆದ ಮಣ್ಣಿನಲ್ಲಿ ವಾರಗಟ್ಟಲೆ ಉಳಿದು, ಚರ್ಮದ ಗಾಯದಿಂದಲೋ ಕಣ್ಣು-ಬಾಯಿಯ ತೆಳುಪೊರೆಯಿಂದಲೋ ಮೈಯೊಳಗೆ ಇಳಿಯುತ್ತದೆ. ಬೇಗ ಚಿಕಿತ್ಸೆ ಸಿಕ್ಕಿದ್ದರಿಂದ ಕಾಮಾಲೆ ಮತ್ತು ಮೂತ್ರಪಿಂಡದ ತೊಂದರೆಯವರೆಗೆ ಹೋಗದೆ ಅವರು ಹತ್ತು ದಿನದಲ್ಲಿ ಎದ್ದರು. ಆಸ್ಪತ್ರೆಯ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ಮಾವ ಕೊಟ್ಟರು. ಆಮೇಲೆ ತೋಟದ ಕೆಲಸಕ್ಕೆ ಗಂಬೂಟು ಬಂತು. ನಮ್ಮ ಕಡೆ ಅಡಿಕೆ ಧಾರಣೆಯ ಮಾತು ದಿನವಿಡೀ ಆಡುವ ಮನೆಗಳಲ್ಲಿ ಆಳಿಗೆ ಒಂದು ಜೊತೆ ಗಂಬೂಟು ಇಲ್ಲದಿರುವುದು ನನಗೆ ಹೆಗ್ಗಣಕ್ಕಿಂತ ದೊಡ್ಡ ಸಮಸ್ಯೆಯಾಗಿ ಕಾಣುತ್ತದೆ.

ಜ್ವರದ ನಂತರ ಮಾವನೇ ಮುಂದೆ ನಿಂತು ಕೆಲಸ ಮಾಡಿಸಿದರು. ಮೊದಲು ಊಟದ ದಾರಿ ಮುಚ್ಚಿತು. ತೌಡು ಮತ್ತು ಹಿಂಡಿ ಗೋಣಿಚೀಲದಿಂದ ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹೋದವು. ತೆಂಗಿನಕಾಯಿ ರಾಶಿ ನೆಲದಿಂದ ಎದೆಯೆತ್ತರದ ದಬ್ಬೆಯ ಅಟ್ಟಣಿಗೆಗೆ ಏರಿತು. ದನಗಳ ಬಾನಿಯಲ್ಲಿ ಅಕ್ಕಚ್ಚು ರಾತ್ರಿಯಿಡೀ ಉಳಿಯುತ್ತಿದ್ದದ್ದು ನಿಂತಿತು, ನಾಯಿಯ ತಟ್ಟೆ ಸಂಜೆಯೇ ತೊಳೆದು ಒಳಗೆ ಬಂತು. ಇಷ್ಟು ದಿನ ವಿಷವನ್ನು ಅವು ಮುಟ್ಟದಿರಲು ಕಹಿ ನೆನಪಿನ ಜೊತೆಗೆ ಇದೂ ಕಾರಣ. ಪಕ್ಕದಲ್ಲೇ ತೌಡು ಸುರಿದಿರುವಾಗ ಅನುಮಾನದ ನುಚ್ಚನ್ನು ಯಾವ ಹೆಗ್ಗಣ ತಿನ್ನುತ್ತದೆ? ಆಮೇಲೆ ಗೋಡೆಗೆ ಒತ್ತಿ ಒಟ್ಟಿದ್ದ ಸೌದೆಯನ್ನು ಎರಡು ಅಡಿ ಈಚೆ ತಂದು, ಜಂಬಿಟ್ಟಿಗೆಯ ಮೇಲೆ ಎತ್ತರಿಸಿ ಜೋಡಿಸಿದೆವು. ಸೌದೆ ತೆಗೆಯುವಾಗ ಅತ್ತೆ ಒಂದು ಮಾತು ಹೇಳಿದರು: ಎರಡು ಬೇಸಿಗೆಯ ಹಿಂದಿನವರೆಗೂ ಅಲ್ಲಿ ಒಂದು ಕೇರೆ ಹಾವು ಇತ್ತು, ರಜೆಗೆ ಬಂದ ಮೊಮ್ಮಕ್ಕಳು ಹೆದರಿದರೆಂದು ಹಾವು ಹಿಡಿಯುವವರನ್ನು ಕರೆಸಿ ಕಾಡಿಗೆ ಬಿಡಿಸಿದ್ದರಂತೆ. ಕೇರೆಗೆ ವಿಷವಿಲ್ಲ, ಅದರ ಮುಖ್ಯ ಆಹಾರವೇ ಇಲಿ. ಬಲಿತ ದೊಡ್ಡ ಹೆಗ್ಗಣವನ್ನು ಅದು ನುಂಗುವುದು ಅನುಮಾನವಾದರೂ ಬಿಲಕ್ಕೆ ಇಳಿದು ಮರಿಗಳನ್ನು ತಿನ್ನಬಲ್ಲದು. ಬಚ್ಚಲು ಕುಸಿಯಲು ಅದೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ಮೂರು-ಮೂರೂವರೆ ವಾರದ ಗರ್ಭಕ್ಕೆ ಒಂದು ಸೂಲು ಮರಿ ಹಾಕುವ ಪ್ರಾಣಿಯ ಮೇಲೆ ಎರಡು ವರ್ಷ ಯಾರ ಹಿಡಿತವೂ ಇರಲಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಬೋನಿನ ಕೆಲಸಕ್ಕೆ ತಾಳ್ಮೆ ಬೇಕಾಯಿತು. ದೊಡ್ಡ ಕಬ್ಬಿಣದ ಬೋನನ್ನು ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಇಟ್ಟು ನಾಲ್ಕು ರಾತ್ರಿ ಬಿಟ್ಟೆವು. ಐದನೆಯ ರಾತ್ರಿ ಬಾಗಿಲು ಬಿಚ್ಚಿದಾಗ ಮೊದಲನೆಯದು ಬಿತ್ತು. ಅಡಿಕೆ ತೂಗುವ ತಕ್ಕಡಿಯಲ್ಲಿ, ಬೋನಿನ ತೂಕ ಕಳೆದು, 870 ಗ್ರಾಂ. ಬೆಕ್ಕಿನಷ್ಟು ಎಂಬ ಅತ್ತೆಯ ಅಂದಾಜಿಗೆ ಇದು ಸಾಲದು, ಆದರೂ ಇಲಿಯೆಂದು ನಾವು ಕರೆಯುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಒಟ್ಟು ಏಳು ಸಿಕ್ಕವು. ಬೋನಿಗೆ ಬೀಳದೆ ಉಳಿದವುಗಳಿಗಾಗಿ 0.005 ಶೇಕಡಾ ಬ್ರೋಮಾಡಿಯೊಲೋನ್ ಇರುವ ಮೇಣದ ಬಿಲ್ಲೆಗಳನ್ನು, ತೆರೆದಿದ್ದ ಬಿಲಗಳ ಒಳಗೆ ಕೋಲಿನಿಂದ ಆಳಕ್ಕೆ ತಳ್ಳಿ, ಬಾಯಿಗೆ ಕಲ್ಲು ಇಟ್ಟೆವು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುವ ವಿಷ. ನಿಧಾನವಾದ್ದರಿಂದ ತಿನಿಸಿಗೂ ಸಂಕಟಕ್ಕೂ ಸಂಬಂಧ ಅವಕ್ಕೆ ತಿಳಿಯುವುದಿಲ್ಲ. ನಾಯಿ ತಿಂದರೆ ಕೆ1 ಜೀವಸತ್ವದ ಚಿಕಿತ್ಸೆ ಇದೆಯೆಂಬುದು ಇದರ ಒಂದು ಅನುಕೂಲ. ವಿಷ ತಿಂದು ಮಂಕಾದ ಇಲಿಯನ್ನು ಗೂಬೆ ಹಿಡಿದರೆ ಅದಕ್ಕೂ ಹಾನಿ ತಟ್ಟುತ್ತದೆಂಬುದು ಇದರ ದೋಷ, ಆದ್ದರಿಂದ ಒಂದೇ ಸುತ್ತಿಗೆ ನಿಲ್ಲಿಸಿದೆವು. ಸಿಮೆಂಟಿನ ಸರದಿ ಎಲ್ಲಕ್ಕೂ ಕೊನೆಗೆ, ಅಕ್ಟೋಬರಿನಲ್ಲಿ ಬಂತು. ಬಚ್ಚಲಿನ ಹೊರಗೋಡೆಯ ಉದ್ದಕ್ಕೂ ಎರಡು ಅಡಿ ಆಳಕ್ಕೆ ಅಗೆದು, ಗಟ್ಟಿ ತಂತಿಬಲೆಯನ್ನು ಇಳಿಬಿಟ್ಟು, ಅದರ ಕೆಳ ಅಂಚನ್ನು ಹೊರಮುಖವಾಗಿ ಒಂದಡಿ ಮಡಿಸಿ ಹೂಳಿದೆವು. ತೋಡುತ್ತಾ ಬರುವ ಪ್ರಾಣಿ ಗೋಡೆಯ ಬುಡದಲ್ಲೇ ಇಳಿಯುತ್ತದಾದ್ದರಿಂದ ಆ ಮಡಿಕೆ ಅದಕ್ಕೆ ಅಡ್ಡವಾಗುತ್ತದೆ. ಚರಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಕೂತಿತು.

ಅಟ್ಟದ ಇಲಿಗಳದು ಇಷ್ಟು ದೊಡ್ಡ ಕಥೆಯಲ್ಲ. ಹಂಚಿಗೆ ತಾಗುತ್ತಿದ್ದ ಹಲಸಿನ ಕೊಂಬೆ ಕಡಿಸಿ, ಅಟ್ಟದ ಕಂಬಗಳಿಗೆ ನುಣುಪು ತಗಡು ಸುತ್ತಿ, ತೊಲೆಗಳ ಮೇಲೆ ಇಲಿ ಹಿಡಿಯುವ ಸಣ್ಣ ಕತ್ತರಿಗಳನ್ನು ಇಟ್ಟದ್ದರಲ್ಲಿ ಅದು ತೀರಿತು. ಅಲ್ಲಿ ವಿಷ ಇಡಬೇಡಿ ಎಂದು ಅತ್ತೆಯೇ ಕಟ್ಟಪ್ಪಣೆ ಮಾಡಿದ್ದರು. ಹಿಂದೊಮ್ಮೆ ಮುಚ್ಚಿಗೆಯೊಳಗೆ ಸತ್ತ ಇಲಿಯ ವಾಸನೆಯಲ್ಲಿ ಹಬ್ಬದ ಊಟ ಬಡಿಸಿದ ನೆನಪು ಅವರಿಗಿತ್ತು.

ಬಸವನಹುಳುವಿನ ವಿಷಯದಲ್ಲಿ ಮಾತ್ರ ನಾವು ಗೆದ್ದೆವೆಂದು ಹೇಳಲಾರೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ ಮಾರಿಷಸ್‌ನಿಂದ ಇದನ್ನು ಕಲ್ಕತ್ತಕ್ಕೆ ತಂದು, ಅಲ್ಲಿನ ಒಂದು ಉದ್ಯಾನದಲ್ಲಿ ಬಿಟ್ಟುಹೋಗಲು ಕಾರಣನಾದ. ಅಲ್ಲಿಂದ ಹಬ್ಬಿದ ಹುಳು ಕೊಡಗಿನ ಶನಿವಾರಸಂತೆಯ ಸುತ್ತಿನ ಕಾಫಿ ತೋಟಗಳನ್ನೂ ಗೋಳು ಹೊಯ್ದುಕೊಂಡಿದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಮಣ್ಣಿನಲ್ಲಿ ಇಡುತ್ತದೆ, ಒಣ ಹವೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಮಾವನ ತೋಟಕ್ಕೆ ಅದು ಬಂದದ್ದು ಹಿಂದಿನ ವರ್ಷ ಹೊರಗಿನಿಂದ ತಂದ ಸಸಿಗಳ ಕೊಟ್ಟೆಮಣ್ಣಿನೊಂದಿಗೆ ಎಂಬುದು ನನ್ನ ಅನುಮಾನ, ಏಕೆಂದರೆ ಆ ಸಸಿಗಳನ್ನು ಇಳಿಸಿದ ಜಾಗದ ಸುತ್ತಲೇ ಹುಳು ದಟ್ಟವಾಗಿತ್ತು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ದಂಟಿನ ಚೂರುಗಳನ್ನಿಟ್ಟು, ಅಲ್ಲಿ ಸೇರಿದವನ್ನು ಕೈಗವಸು ಹಾಕಿಕೊಂಡು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ನಿತ್ಯದ ಕೆಲಸವಾಯಿತು. ಉಪ್ಪನ್ನು ಪಾತಿಗೇ ಎರಚಲು ಹೊರಟಿದ್ದ ಮಾವನನ್ನು ತಡೆಯಬೇಕಾಯಿತು; ಹುಳುವಿನ ಜೊತೆ ಮಣ್ಣೂ ಕೆಡುತ್ತದೆ. ಕೈಗವಸಿನ ಮೇಲೆ ನಾನು ಹಟ ಹಿಡಿದದ್ದಕ್ಕೆ ಕಾರಣ ಇಲಿಗಳೇ. ಇಲಿಯ ಶ್ವಾಸಕೋಶದಲ್ಲಿ ವಾಸಿಸುವ ಒಂದು ಜಂತುಹುಳುವಿನ ಮರಿಗಳು ಹಿಕ್ಕೆಯ ಮೂಲಕ ಬಸವನಹುಳುವಿಗೆ ಸೇರಿ ಬೆಳೆಯುತ್ತವೆ, ಆ ಬಸವನಹುಳುವನ್ನು ಇಲಿ ತಿಂದಾಗ ಮತ್ತೆ ಇಲಿಗೆ ಬರುತ್ತವೆ. ನಡುವೆ ಸರಿಯಾಗಿ ತೊಳೆಯದ ಹಸಿಸೊಪ್ಪಿನ ಮೂಲಕ ಮನುಷ್ಯನಿಗೆ ತಗುಲಿದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ದನದ ಕೊಟ್ಟಿಗೆಯ ಹಿಂದಿನ ಬಿಲದ ಬಾಯಲ್ಲಿ ಒಡೆದ ಚಿಪ್ಪುಗಳ ಸಣ್ಣ ಗುಡ್ಡೆಯನ್ನೇ ನಾವು ಕಂಡಿದ್ದೆವು. ಅಂದಿನಿಂದ ಅತ್ತೆ ಒಂದೆಲಗದ ಹಸಿ ತಂಬುಳಿಯನ್ನು ಮಳೆಗಾಲದಲ್ಲಿ ನಿಲ್ಲಿಸಿ, ಎಲೆಯನ್ನು ಬೇಯಿಸಿಯೇ ರುಬ್ಬುತ್ತಿದ್ದಾರೆ.

ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ, 2025ರ ಜನವರಿ ಕೊನೆಯಲ್ಲಿ ಮತ್ತೆ ಬಿಲಗಳಿಗೆ ಮಣ್ಣು ಮೆತ್ತಿ ಎಣಿಸಿದೆವು. ಮನೆಯ ಸುತ್ತ ಒಂದೂ ತೆರೆಯಲಿಲ್ಲ. ಕೆಳಗಿನ ಅಗಳದ ಏರಿಯಲ್ಲಿ ಎರಡು ತೆರೆದಿದ್ದವು. ಎರಡರ ದಾರಿಯೂ ಪಕ್ಕದ ತೋಟದವರ ಗೊಬ್ಬರ ಗುಂಡಿಯ ಕಡೆಗಿತ್ತು. ಬಸವನಹುಳುಗಳು ಮಣ್ಣಿನೊಳಗೆ ಮಲಗಿದ್ದರಿಂದ ಎಣಿಕೆಗೆ ಸಿಗಲಿಲ್ಲ, ಜೂನ್‌ನಲ್ಲಿ ನೋಡಬೇಕು. ಏರಿಯ ಬಿಲಗಳ ವಿಷಯ ಹೇಳಲು ಮಾವ ಅದೇ ಸಂಜೆ ಪಕ್ಕದ ಮನೆಗೆ ಹೋದರು. ಅವರು ಕವಳ ಹಾಕಿಕೊಂಡು ಎಲ್ಲವನ್ನೂ ಕೇಳಿ, ತಮ್ಮಲ್ಲಿ ಹೆಗ್ಗಣವೇ ಇಲ್ಲ, ತೆಂಗಿನಕಾಯಿಗೆ ತೂತು ಬೀಳುತ್ತಿರುವುದು ಅಳಿಲಿನಿಂದ ಎಂದರಂತೆ.